ಅಲಿ ಆದಮೇಲೆ ಬಂದವನ ಎಡಗೈ

ಹೋದ ತಿಂಗಳು ಅರ್ನಿ ಶೇವರ್ಸ್ ಎಂಬ ಭಾರೀ ಗುದ್ದಿನ ಬಾಕ್ಸರ್ ಬಗ್ಗೆ ಬರೆಯುತ್ತಾ, "ಅವನ ಬಲಗೈ ತಿಂದು ಬಿದ್ದು, ಎದ್ದು, ಅದೇ ಪಂದ್ಯ ಗೆದ್ದವನು ಲ್ಯಾರಿ ಹೋಮ್ಸ್; ಆ ಮನುಷ್ಯನಿಗೆ ನಾವೆಲ್ಲ ಅನ್ಯಾಯ ಮಾಡಿದ್ದೇವೆ" ಅಂತ ಒಂದು ಸಾಲು ಸೇರಿಸಿದ್ದೆ. ಲೇಖನಕ್ಕಿಂತ ಆ ಸಾಲಿಗೇ ಹೆಚ್ಚು ಕಾಗದ ಬಂದಿವೆ. ಕೆಲವು ಬೈಗುಳದವು. ಅದಕ್ಕೇ ಈ ಸಲ ಕುಸ್ತಿ, ಕಬಡ್ಡಿ ಪ್ರಶ್ನೆಗಳನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಕೇಳಿದವರು ಬೇಜಾರು ಮಾಡಿಕೊಳ್ಳಬಾರದು, ಮುಂದಿನ ತಿಂಗಳು ಉತ್ತರಿಸುತ್ತೇನೆ.

ಅಲಿ, ಫ್ರೇಜರ್, ಫೋರ್‌ಮನ್, ಟೈಸನ್ ಗೊತ್ತು. ಈ ಹೋಮ್ಸ್ ಯಾರು ಸ್ವಾಮಿ? ಅಷ್ಟು ದೊಡ್ಡವನಾಗಿದ್ದರೆ ನಮಗೇಕೆ ಗೊತ್ತಿಲ್ಲ?
— ಶಿವಮೊಗ್ಗದ ಓದುಗರು

ನೀವು ಬರೆದ ನಾಲ್ಕು ಹೆಸರನ್ನೇ ಇನ್ನೊಮ್ಮೆ ಓದಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ಖಾಲಿ ಜಾಗ ಇದೆ. ಆ ಜಾಗ ಏಳು ವರ್ಷದ್ದು. 1978ರ ಜೂನ್ 9ರಿಂದ 1985ರ ಸೆಪ್ಟೆಂಬರ್ 21ರವರೆಗೆ ಹೆವಿವೇಟ್ ಪಟ್ಟ ಈ ಹೋಮ್ಸ್ ಹತ್ತಿರ ಇತ್ತು. 20 ಸಲ ಅದನ್ನು ಉಳಿಸಿಕೊಂಡ. ಒಂದೇ ಪಟ್ಟಾವಧಿಯಲ್ಲಿ ಅದಕ್ಕಿಂತ ಹೆಚ್ಚು ಉಳಿಸಿಕೊಂಡ ಹೆವಿವೇಟ್ ಜೋ ಲೂಯಿಸ್ ಒಬ್ಬನೇ, 25 ಸಲ. ಪಟ್ಟಕ್ಕೆ ಬಂದ ಮೇಲೆ ಹೋಮ್ಸ್ ಎದುರಿಸಿದ ಮೊದಲ ಎಂಟು ಮಂದಿಯಲ್ಲಿ ಒಬ್ಬನೂ ಕೊನೆಯ ರೌಂಡಿನ ಗಂಟೆ ಕೇಳಲಿಲ್ಲ. ಇಷ್ಟಿದ್ದೂ ನಿಮ್ಮ ಪಟ್ಟಿಯಲ್ಲಿ ಅವನ ಹೆಸರಿಲ್ಲ. ನಿಮ್ಮನ್ನು ದೂರುತ್ತಿಲ್ಲ. ನನ್ನ ಪಟ್ಟಿಯಲ್ಲೂ ಬಹಳ ದಿನ ಇರಲಿಲ್ಲ.

ಹುಟ್ಟಿದ್ದು 1949ರಲ್ಲಿ, ಜಾರ್ಜಿಯಾ ರಾಜ್ಯದ ಕತ್‌ಬರ್ಟ್ ಎಂಬಲ್ಲಿ. ಬೆಳೆದದ್ದು ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿ. ಡೆಲವೇರ್ ನದಿಗೆ ಲೀಹೈ ನದಿ ಬಂದು ಸೇರುವ ಊರು ಅದು. ಮನೆಯಲ್ಲಿ ಹನ್ನೆರಡು ಮಕ್ಕಳು. ಹುಡುಗ ಏಳನೇ ತರಗತಿಗೇ ಶಾಲೆ ಬಿಟ್ಟು ಕಾರು ತೊಳೆಯುವ ಕೆಲಸಕ್ಕೆ ನಿಂತ, ಗಂಟೆಗೆ ಒಂದು ಡಾಲರ್. 1973ರಲ್ಲಿ ವೃತ್ತಿಪರನಾಗಿ ಆಡಿದ ಮೊದಲ ಪಂದ್ಯಕ್ಕೆ ಸಿಕ್ಕ ಸಂಭಾವನೆ 63 ಡಾಲರ್. ಅದಕ್ಕೂ ಮುಂಚೆ, 1972ರ ಒಲಿಂಪಿಕ್ಸ್‌ಗೆ ತಂಡ ಆರಿಸುವ ಪಂದ್ಯದಲ್ಲಿ, ಡುವೇನ್ ಬಾಬಿಕ್ ಎಂಬವನನ್ನು ಪದೇಪದೇ ತಬ್ಬಿ ಹಿಡಿದ ಅಂತ ರೆಫರಿ ಇವನನ್ನು ಅನರ್ಹಗೊಳಿಸಿದ್ದ. "ಹುಡುಗನಿಗೆ ಎದೆಗಾರಿಕೆ ಇಲ್ಲ" ಅನ್ನುವ ಮಾತು ಆಗ ಅಂಟಿಕೊಂಡಿತು. ಬಾಕ್ಸಿಂಗಿನಲ್ಲಿ ಈ ಮಾತು ಅಂಟಿದರೆ ಸುಣ್ಣದ ಕಲೆಯ ಹಾಗೆ, ತೊಳೆದಷ್ಟೂ ಎದ್ದು ಕಾಣುತ್ತದೆ.

ಆಮೇಲೆ ಅಲಿಯ ತರಬೇತಿ ಶಿಬಿರಕ್ಕೆ ಸೇರಿದ, ಡೀರ್ ಲೇಕ್‌ನಲ್ಲಿ. ಸ್ಪಾರಿಂಗ್ ಪಾರ್ಟ್ನರ್ ಅನ್ನುವುದು ಹೇಳಲಿಕ್ಕೆ ಚಂದ. ಕೆಲಸ ಮಾತ್ರ ದೊಡ್ಡವರಿಗೆ ಅಭ್ಯಾಸ ಆಗಲಿ ಅಂತ ಕೂಲಿಗೆ ಗುದ್ದು ತಿನ್ನುವುದು. ಮೊದಲ ಸಲ ಅಲಿಯ ಜೊತೆ ರಿಂಗಿಗೆ ಇಳಿದಾಗ ಹೋಮ್ಸ್‌ನ ಕಣ್ಣು ಊದಿ ಕಪ್ಪಾಯಿತು. ಮಂಜುಗಡ್ಡೆ ಇಡಲು ಬಂದರೆ ಬೇಡ ಅಂದನಂತೆ. ಊರಿಗೆ ಹೋಗಿ ತೋರಿಸಬೇಕಿತ್ತಲ್ಲ, ಇದು ಮೊಹಮ್ಮದ್ ಅಲಿ ಕೊಟ್ಟ ಕಣ್ಣು ಅಂತ! ಜೋ ಫ್ರೇಜರ್, ಶೇವರ್ಸ್ ಇವರಿಗೂ ಹೀಗೇ ಕೂಲಿಗೆ ನಿಂತ. ಅಲಿ ಮತ್ತು ಫ್ರೇಜರ್ ಮನಿಲಾದಲ್ಲಿ ಒಬ್ಬರನ್ನೊಬ್ಬರು ಕೊಲ್ಲುವ ಹಾಗೆ ಹೊಡೆದಾಡಿದ ದಿನ, 1975ರ ಅಕ್ಟೋಬರ್ 1ರಂದು, ಅದೇ ರಿಂಗಿನಲ್ಲಿ ಅವರಿಗಿಂತ ಮೊದಲು ಆಡಿ ಗೆದ್ದವರಲ್ಲಿ ಇವನೂ ಒಬ್ಬ. ಅವನ ಪಂದ್ಯ ಯಾರಿಗೆ ನೆನಪಿದೆ?

ಪಟ್ಟ ಸಿಕ್ಕಿದ್ದು ಕೆನ್ ನಾರ್ಟನ್ ಮೇಲೆ, ಲಾಸ್ ವೇಗಸ್‌ನಲ್ಲಿ. ನಾರ್ಟನ್ ಅಂದರೆ 1973ರಲ್ಲಿ ಅಲಿಯ ದವಡೆ ಮುರಿದವನು. ಪಂದ್ಯಕ್ಕೆ ಕೆಲವೇ ದಿನ ಇರುವಾಗ ಅಭ್ಯಾಸದಲ್ಲಿ ಹೋಮ್ಸ್‌ನ ಎಡತೋಳಿನ ಸ್ನಾಯು ಹರಿದಿತ್ತು. ಹೊರಗೆ ಬಿಟ್ಟುಕೊಡಲಿಲ್ಲ. ಅದೇ ತೋಳಿನಿಂದ ಮೊದಲರ್ಧ ಪಂದ್ಯವನ್ನು ತನ್ನದು ಮಾಡಿಕೊಂಡ; ಆಮೇಲೆ ನಾರ್ಟನ್ ಅಟ್ಟಿಸಿಕೊಂಡು ಬಂದ. 14 ರೌಂಡ್ ಮುಗಿದಾಗ ಇಬ್ಬರೂ ಸಮಸಮ. 15ನೇ ರೌಂಡ್ ನೀವು ನೋಡಲೇಬೇಕು. ಇಬ್ಬರಿಗೂ ಕಾಲು ನಿಲ್ಲುತ್ತಿಲ್ಲ, ಇಬ್ಬರೂ ಹಿಂದೆ ಸರಿಯುತ್ತಿಲ್ಲ. ಮೂವರು ಜಡ್ಜ್‌ಗಳಲ್ಲಿ ಇಬ್ಬರು 143–142 ಅಂತ ಹೋಮ್ಸ್‌ಗೆ ಕೊಟ್ಟರು, ಮೂರನೆಯವರು ಅದೇ 143–142 ನಾರ್ಟನ್‌ಗೆ. ಒಂದೇ ಒಂದು ರೌಂಡಿನ ಮೇಲೆ ಏಳು ವರ್ಷದ ರಾಜ್ಯ ನಿಂತಿತು.

ಇನ್ನು ನಮಗೇಕೆ ಗೊತ್ತಿಲ್ಲ ಅಂದಿರಿ. ಕಂಪನಿ ನಾಟಕ ನೋಡಿದವರಿಗೆ ಇದು ಅರ್ಥವಾಗುತ್ತದೆ. ಹೆಸರಾದ ನಟ ಹತ್ತು ವರ್ಷ ಆಡಿ ಬಿಟ್ಟ ಪಾತ್ರಕ್ಕೆ ಹೊಸಬನೊಬ್ಬ ಬಣ್ಣ ಹಚ್ಚುತ್ತಾನೆ. ಕಂಠ ಚೆನ್ನಾಗಿಯೇ ಇರುತ್ತದೆ, ಮಾತು ತಪ್ಪುವುದಿಲ್ಲ. ಆದರೂ ಚಾಪೆ ಮೇಲೆ ಕೂತವರು ಎಲೆಯಡಿಕೆ ಹಾಕಿಕೊಳ್ಳುತ್ತಾ, "ಊಹೂಂ, ಅವನ ಹಾಗೆ ಬರಲ್ಲ" ಅನ್ನುತ್ತಾರೆ. ಹೋಮ್ಸ್ ನಿಲ್ಲುತ್ತಿದ್ದದ್ದು ಅಲಿಯ ಹಾಗೆ, ಕುಣಿಯುತ್ತಿದ್ದದ್ದು ಅಲಿಯ ಹಾಗೆ. ಮಾತಿಗೆ ಬಾಯಿ ತೆರೆದರೆ ಮಾತ್ರ ಅಲಿಯ ಕವಿತೆ ಇಲ್ಲ. ಸಂಬಳ ಕಡಿಮೆ ಕೊಟ್ಟರು ಅಂತ ಗೊಣಗುವ ಕಾರ್ಖಾನೆ ನೌಕರನ ದನಿ. ಪತ್ರಿಕೆಯವರಿಗೆ ಅದರಲ್ಲಿ ಏನು ರುಚಿ?

ಸರ್, ನನಗೆ 17 ವರ್ಷ. ಎಂಟು ತಿಂಗಳಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ನಮ್ಮ ಕೋಚ್ ದಿನವೂ ಜ್ಯಾಬ್, ಜ್ಯಾಬ್ ಅಂತ ಅದನ್ನೇ ಮಾಡಿಸುತ್ತಾರೆ. ಜ್ಯಾಬ್‌ನಿಂದ ಯಾರಾದರೂ ಬೀಳುತ್ತಾರಾ? ಹೋಮ್ಸ್‌ನದು ಒಳ್ಳೆಯ ಜ್ಯಾಬ್ ಅಂತ ಬರೆದಿದ್ದೀರಿ. ಅದರಲ್ಲಿ ಏನು ವಿಶೇಷ?
— ಬೆಳಗಾವಿಯ ಹುಡುಗ

ಮೊದಲು ನಿನ್ನ ಕೋಚ್‌ಗೆ ನನ್ನ ನಮಸ್ಕಾರ ಹೇಳು, ತಮ್ಮಾ. ಎಂಟು ತಿಂಗಳಲ್ಲ, ಎರಡು ವರ್ಷ ಅದನ್ನೇ ಮಾಡಿಸಲಿ.

ಬಾಕ್ಸಿಂಗ್ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬಲಗೈಯವನು ಎಡಗಾಲು ಮುಂದಿಟ್ಟು ನಿಲ್ಲುತ್ತಾನೆ. ಆ ಮುಂದಿನ ಎಡಗೈಯನ್ನು ನೇರ ಚಾಚಿ ಹೊಡೆದು ಥಟ್ಟನೆ ಎಳೆದುಕೊಳ್ಳುವುದೇ ಜ್ಯಾಬ್. ನೋಡಲಿಕ್ಕೆ ಬಾಗಿಲು ಬಡಿದ ಹಾಗೆ ಇರುತ್ತದೆ, ಅಷ್ಟೇ. ಹೆಚ್ಚಿನವರ ಜ್ಯಾಬ್ ನಿಜಕ್ಕೂ ಅಷ್ಟೇ: "ಇದೀಯೇನಯ್ಯಾ?" ಅಂತ ವಿಚಾರಿಸಿಕೊಂಡು ಬರುತ್ತದೆ.

ಹೋಮ್ಸ್‌ನದು ವಿಚಾರಿಸುತ್ತಿರಲಿಲ್ಲ, ಬಾಗಿಲನ್ನೇ ಮುರಿಯುತ್ತಿತ್ತು. ಮನುಷ್ಯ 6 ಅಡಿ 3 ಅಂಗುಲ, ಎರಡೂ ತೋಳು ಚಾಚಿದರೆ ತುದಿಯಿಂದ ತುದಿಗೆ 81 ಅಂಗುಲ. ಆದರೆ ಉದ್ದ ತೋಳಿನವರು ಬೇಕಾದಷ್ಟು ಜನ ಇದ್ದರು. ಇವನ ಗುಟ್ಟು ಕೈ ಎಲ್ಲಿಂದ ಹೊರಡುತ್ತಿತ್ತು ಅನ್ನುವುದರಲ್ಲಿದೆ. ನಿನ್ನ ಕೋಚ್ ಎಡಮುಷ್ಟಿಯನ್ನು ಕೆನ್ನೆಯ ಮಟ್ಟದಲ್ಲಿ ಇಡು ಅನ್ನುತ್ತಾರೆ, ಅಲ್ಲವೆ? ಹೋಮ್ಸ್ ಸೊಂಟದ ಹತ್ತಿರ ಬಿಟ್ಟುಕೊಳ್ಳುತ್ತಿದ್ದ. ಎದುರಾಳಿಯ ಕಣ್ಣು ಇವನ ಮುಖ, ಭುಜದ ಮೇಲೆ ಇರುತ್ತದೆ. ಮುಷ್ಟಿ ಮಾತ್ರ ನೋಟದ ಕೆಳಗಿನಿಂದ ಮೇಲೇರಿ ಬರುತ್ತದೆ. ಕಂಡಿತು ಅನ್ನುವಷ್ಟರಲ್ಲಿ ಮೂಗಿನ ಮೇಲೆ.

ಎರಡನೆಯದು, ಅದು ಬರೀ ತೋಳಿನ ಕೆಲಸ ಆಗಿರಲಿಲ್ಲ. ಹಿಂದಿನ ಕಾಲು ನೆಲ ಒತ್ತುತ್ತದೆ, ಮುಂದಿನ ಕಾಲು ಒಂದು ಗೇಣು ಸರಿಯುತ್ತದೆ, ಭುಜ ಗಲ್ಲದ ತನಕ ಬಂದು ಮುಚ್ಚಿಕೊಳ್ಳುತ್ತದೆ, ಕೊನೆಯ ಗಳಿಗೆಯಲ್ಲಿ ಮುಷ್ಟಿ ತಿರುಗುತ್ತದೆ. ಮೈಯ ತೂಕವೆಲ್ಲ ಗೆಣ್ಣಿಗೆ ಬಂದು ಕೂತ ಹಾಗೆ. ಅಲಿಯ ಜ್ಯಾಬ್ ಚಾಟಿ, ಚರ್ಮ ಸುಲಿಯುತ್ತಿತ್ತು. ಹೋಮ್ಸ್‌ನದು ಒನಕೆ. ಚಾಟಿ ತಿಂದವನಿಗೆ ಉರಿ ಆಗುತ್ತದೆ, ಒನಕೆ ತಿಂದವನ ತಲೆ ಹಿಂದಕ್ಕೆ ಹೋಗುತ್ತದೆ. ತಲೆ ಹಿಂದಕ್ಕೆ ಹೋದರೆ ಹಿಮ್ಮಡಿಗೆ ಭಾರ ಬೀಳುತ್ತದೆ, ಹಿಮ್ಮಡಿಯ ಮೇಲೆ ನಿಂತವನು ಗುದ್ದಲಾರ. ಜ್ಯಾಬ್‌ನಿಂದ ಬೀಳುತ್ತಾರಾ ಅಂತ ಕೇಳಿದೆಯಲ್ಲ. ಬೀಳದಿದ್ದರೂ ಹೊಡೆಯಲಿಕ್ಕೆ ಆಗದ ಸ್ಥಿತಿಗೆ ಬರುತ್ತಾರೆ. 15 ರೌಂಡ್ ಆ ಸ್ಥಿತಿಯಲ್ಲಿ ಇದ್ದು ನೋಡು.

ಮೂರನೆಯದು ಎಣಿಕೆ. ಒಂದು ಹೊಡೆದು ನಿಲ್ಲಿಸುತ್ತಿರಲಿಲ್ಲ. ಎರಡು, ಕೆಲವೊಮ್ಮೆ ಮೂರು. ಮೊದಲನೆಯದು ಕಣ್ಣಿಗೆ ಪರದೆ ಹಾಕುತ್ತದೆ, ಎರಡನೆಯದು ನಿಜವಾದದ್ದು. ಅದರ ಹಿಂದೆ ಬಲಗೈ ನೇರವಾಗಿ ಬರುತ್ತದೋ, ಕೆಳಗಿನಿಂದ ಅಪ್ಪರ್‌ಕಟ್ ಆಗಿ ಬರುತ್ತದೋ ಎದುರಿನವನಿಗೆ ಗೊತ್ತಾಗುತ್ತಿರಲಿಲ್ಲ. 1979ರ ಜೂನ್‌ನಲ್ಲಿ ಮೈಕ್ ವೀವರ್ ಎಂಬ ಗಟ್ಟಿ ಆಳು ನ್ಯೂಯಾರ್ಕಿನಲ್ಲಿ ಇವನನ್ನು ಸುಸ್ತು ಮಾಡಿಬಿಟ್ಟಿದ್ದ. ಪಟ್ಟ ಹೋಯಿತು ಅಂತಲೇ ಅನ್ನಿಸುತ್ತಿತ್ತು. 11ನೇ ರೌಂಡಿನ ಕೊನೆಗೆ ಆ ಬಲ ಅಪ್ಪರ್‌ಕಟ್ ಬಂತು. ವೀವರ್ ಬಿದ್ದ, 12ರಲ್ಲಿ ಪಂದ್ಯ ಮುಗಿಯಿತು. ಜನ ಅಪ್ಪರ್‌ಕಟ್‌ಗೆ ಚಪ್ಪಾಳೆ ತಟ್ಟಿದರು. ಹತ್ತು ರೌಂಡ್ ಕಾಲ ಅದಕ್ಕೆ ದಾರಿ ಅಗೆದದ್ದು ಎಡಗೈ.

ಈಗ ಅದರ ಬೆಲೆಯನ್ನೂ ಕೇಳಿಕೋ. ನಾನು ಹುಡುಗರಿಗೆ ಹೇಳುವುದು ಇಷ್ಟೇ: ಜ್ಯಾಬ್ ಅಂದರೆ ಬಾವಿಗೆ ಕೊಡ ಬಿಟ್ಟ ಹಾಗೆ, ಬಿಡುವುದಕ್ಕಿಂತ ಎಳೆದುಕೊಳ್ಳುವುದು ಮುಖ್ಯ. ಹೋಮ್ಸ್ ಎಳೆದುಕೊಳ್ಳುವಾಗ ಕೈ ಮುಖಕ್ಕೆ ವಾಪಸ್ ಬರುತ್ತಿರಲಿಲ್ಲ, ಹೊರಟಲ್ಲಿಗೇ, ಸೊಂಟಕ್ಕೆ ಇಳಿಯುತ್ತಿತ್ತು. ಆ ಅರೆಕ್ಷಣ ಅವನ ಎಡಗೆನ್ನೆ ಬಟ್ಟಬಯಲು. ಎದುರಿನವನ ಬಲಗೈಗೆ ಅದೇ ಕರೆಯೋಲೆ. 1979ರಲ್ಲಿ ಶೇವರ್ಸ್ ಅವನನ್ನು ಕೆಡವಿದ್ದು ಬಲಗೈಯಿಂದ. 1981ರಲ್ಲಿ ರೆನಾಲ್ಡೊ ಸ್ನೈಪ್ಸ್ ಕೆಡವಿದ್ದು ಬಲಗೈಯಿಂದ. 1988ರಲ್ಲಿ ಟೈಸನ್, ಅದೂ ಬಲಗೈ. ಬೀಗದ ಕೈ ಮೂರು ಜನಕ್ಕೂ ಒಂದೇ.

ಶೇವರ್ಸ್ ಏಟಿನ ಬಗ್ಗೆ ಹೋದ ಸಲ ಪೂರ್ತಿ ಬರೆಯಲಾಗಿರಲಿಲ್ಲ. 7ನೇ ರೌಂಡ್. ಅಲ್ಲಿಯವರೆಗೆ ಹೋಮ್ಸ್ ಪಾಠ ಹೇಳಿಕೊಟ್ಟ ಹಾಗೆ ಆಡುತ್ತಿದ್ದ. ಶೇವರ್ಸ್‌ನ ಬಲಗೈ ಮೇಲಿನಿಂದ ಸುತ್ತಿಕೊಂಡು ಬಂದು ದವಡೆಗೆ ಬಿತ್ತು. ಹೋಮ್ಸ್ ಬೆನ್ನ ಮೇಲೆ ಬಿದ್ದ ರೀತಿ ನೋಡಿದರೆ ಎದ್ದೇಳುವ ಲಕ್ಷಣವೇ ಇಲ್ಲ. ಎದ್ದ. ಕಾಲು ಬೇರೆ ಯಾರದ್ದೋ ಅನ್ನುವಂತೆ ಅಲ್ಲಾಡುತ್ತಿತ್ತು. ಆ ರೌಂಡ್ ಹೇಗೋ ದಾಟಿ, 11ರಲ್ಲಿ ರೆಫರಿಯೇ ಬಂದು ಶೇವರ್ಸ್‌ನನ್ನು ಉಳಿಸಬೇಕಾಯಿತು. ಎದೆಗಾರಿಕೆ ಇಲ್ಲದ ಹುಡುಗ!

ನೀನು ಮಾತ್ರ ಕೈ ಕೆನ್ನೆ ಹತ್ತಿರವೇ ಇಟ್ಟುಕೋ. 81 ಅಂಗುಲ ಬಂದ ಮೇಲೆ ಯೋಚನೆ ಮಾಡೋಣ.

ಕಾಯಿಲೆಯ ಅಲಿಯನ್ನು ಹೊಡೆದು ದೊಡ್ಡವನಾದವನನ್ನು ಹೊಗಳಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಆ ಪಂದ್ಯ ನೋಡಿ ಅತ್ತವರಲ್ಲಿ ನಾನೂ ಒಬ್ಬ.
— ಮೈಸೂರಿನ ಹಿರಿಯ ಓದುಗರು

ನಿಮ್ಮ ಕಾಗದವನ್ನು ಎರಡು ಸಲ ಓದಿದೆ, ಸ್ವಾಮಿ. ನಿಮ್ಮ ಜಾಗದಲ್ಲಿ ನಾನೂ ಇದ್ದವನು.

1980ರಲ್ಲಿ ನಾನು ಸೇನೆಯಲ್ಲಿದ್ದೆ. ಆ ವರ್ಷ ಜನವರಿಯಲ್ಲಿ ಅಲಿ ಭಾರತಕ್ಕೆ ಬಂದಿದ್ದ. ದೆಹಲಿಯಲ್ಲಿ ನಮ್ಮ ಸೇನೆಯ ಹೆವಿವೇಟ್ ಕೌರ್ ಸಿಂಗ್ ಅವನ ಜೊತೆ ಪ್ರದರ್ಶನ ಪಂದ್ಯ ಆಡಿದರು. ಮುಂದೆ 1982ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಕೌರ್ ಸಿಂಗ್ ಅವರೇ. ನಮ್ಮ ಬ್ಯಾರಕ್ಕಿನಲ್ಲಿ ತಿಂಗಳುಗಟ್ಟಲೆ ಬೇರೆ ಮಾತಿರಲಿಲ್ಲ. ನಮ್ಮವನೊಬ್ಬ ಅಲಿಯ ಜೊತೆ ರಿಂಗಿನಲ್ಲಿ ನಿಂತಿದ್ದಾನೆ ಅಂದರೆ ಅಲಿ ನಮ್ಮ ನೆಂಟನಾದ ಹಾಗೇ ತಾನೆ? ಹೀಗಿರುವಾಗ ಗಾಂಧಿ ಜಯಂತಿಯ ಮಾರನೆ ದಿನ ಬೆಳಿಗ್ಗೆ, ಅಲಿ–ಹೋಮ್ಸ್ ಪಂದ್ಯದ ಸುದ್ದಿಗಾಗಿ ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡಿದ್ದ ಹವಾಲ್ದಾರ್ ಒಬ್ಬರು ಏನೂ ಹೇಳದೆ ಅದನ್ನು ಆರಿಸಿದರು. ನಮಗೆ ಗೊತ್ತಾಯಿತು. ಆ ದಿನ ಚಹಾ ಕುಡಿಯುವಾಗ ಹೋಮ್ಸ್‌ಗೆ ಹಾಕಿದ ಶಾಪಗಳನ್ನು ಇಲ್ಲಿ ಬರೆದರೆ ಸಂಪಾದಕರು ಅಂಕಣ ನಿಲ್ಲಿಸುತ್ತಾರೆ.

ಹದಿನೈದು ವರ್ಷ ಅವನ ಹೆಸರು ಎತ್ತಲಿಲ್ಲ. ಆಮೇಲೆ ಯಾರೋ ಕೊಟ್ಟ ವಿಡಿಯೊ ಕ್ಯಾಸೆಟ್‌ನಲ್ಲಿ ಆ ಪಂದ್ಯ ಸಿಕ್ಕಿತು. ದ್ವೇಷದಿಂದಲೇ ನೋಡಲು ಕೂತೆ.

ನಾನು ಕಂಡದ್ದು ಹೇಳುತ್ತೇನೆ. ಅಲಿಗೆ 38, ಎರಡು ವರ್ಷದಿಂದ ಪಂದ್ಯ ಆಡಿಲ್ಲ. ಮೈ ಕರಗಿಸಿಕೊಂಡು, ಕೂದಲಿಗೆ ಕಪ್ಪು ಹಚ್ಚಿಕೊಂಡು, ನೋಡಲು ಹಳೆಯ ಅಲಿಯೇ. ಆದರೆ ತೂಕ ಇಳಿದಿದ್ದರಲ್ಲಿ ಥೈರಾಯ್ಡ್ ಮಾತ್ರೆಗಳ ಪಾಲೂ ಇತ್ತು. ಮೈಯಲ್ಲಿ ಕಸುವು ಉಳಿದಿರಲಿಲ್ಲ. ಹೋಮ್ಸ್‌ಗೆ 30. ಎರಡು ಮೂರು ರೌಂಡಿನಲ್ಲೇ ಎದುರಿಗಿರುವವನು ಗುದ್ದುತ್ತಿಲ್ಲ ಅನ್ನುವುದು ಅವನಿಗೆ ತಿಳಿದಿತ್ತು. ಆಮೇಲಿನ ರೌಂಡುಗಳಲ್ಲಿ ಅವನ ಬಲಗೈ ನೋಡಿ. ಶೇವರ್ಸ್ ಮೇಲೆ, ವೀವರ್ ಮೇಲೆ ಬಂದ ಬಲಗೈ ಅದಲ್ಲ. ಮಧ್ಯೆ ಮಧ್ಯೆ ರೆಫರಿಯ ಕಡೆ ತಿರುಗುತ್ತಾನೆ, ನಿಲ್ಲಿಸಿ ಅನ್ನುವ ಹಾಗೆ. ಯಾರೂ ನಿಲ್ಲಿಸುವುದಿಲ್ಲ. ಹತ್ತು ರೌಂಡ್ ಆದಮೇಲೆ ಅಲಿಯ ಗುರು ಆಂಜೆಲೊ ಡಂಡಿ ಸಾಕು ಅಂದರು. ಅಲಿ ವೃತ್ತಿಜೀವನದಲ್ಲಿ ಪಂದ್ಯ ಮುಗಿಯುವ ಮೊದಲೇ ಸೋತದ್ದು ಅದೊಂದೇ ಸಲ. ಗೆದ್ದವನು ಆಮೇಲೆ ಅತ್ತ. ನೀವು ಅತ್ತಿರಿ, ನಾನು ಶಾಪ ಹಾಕಿದೆ, ಆ ಶಾಪ ತಿಂದವನೂ ಅಳುತ್ತಿದ್ದ.

ಅಂದು ಗೆದ್ದರೆ ಅಲಿಯನ್ನು ಹೊಡೆದ ಪಾಪಿ, ಸೋತರೆ ಅಲಿಯ ನಕಲು. ಹೋಮ್ಸ್‌ಗೆ ಮೂರನೆಯ ದಾರಿ ಇತ್ತೇ, ನೀವೇ ಹೇಳಿ. ಒಪ್ಪಂದಕ್ಕೆ ಸಹಿ ಹಾಕಬಾರದಿತ್ತು ಅನ್ನಬಹುದು. ಅಲಿಯೂ ಹಾಕಬಾರದಿತ್ತು.

ಟೈಸನ್ ಅವನನ್ನು ನಾಲ್ಕೇ ರೌಂಡಿನಲ್ಲಿ ಮಲಗಿಸಿದ. ಇದಕ್ಕೇನನ್ನುತ್ತೀರಿ?
— ದಾವಣಗೆರೆಯ ಓದುಗರು

ಮಲಗಿಸಿದ, ಇಲ್ಲ ಅನ್ನುವುದಿಲ್ಲ. 1988ರ ಜನವರಿ 22, ಅಟ್ಲಾಂಟಿಕ್ ಸಿಟಿ. ಆ ದಿನ ಹೋಮ್ಸ್‌ನ ವಯಸ್ಸು ಎಷ್ಟು ಗೊತ್ತೇ? 38. ರಿಂಗಿನಿಂದ ದೂರ ಇದ್ದು ಹತ್ತಿರ ಹತ್ತಿರ ಎರಡು ವರ್ಷ. ಮೇಲಿನ ಉತ್ತರದಲ್ಲಿ ಅಲಿಯ ಲೆಕ್ಕ ಕೊಟ್ಟಿದ್ದೇನೆ, ಹೋಲಿಸಿಕೊಳ್ಳಿ. ಪಂದ್ಯಕ್ಕೆ ಮುಂಚೆ ರಿಂಗಿಗೆ ಬಂದಿದ್ದ ಅಲಿ, "ನನ್ನ ಪರವಾಗಿ ಇವನಿಗೆ ಕೊಡು" ಎಂದು ತನ್ನ ಕಿವಿಯಲ್ಲಿ ಹೇಳಿದ್ದಾಗಿ ಟೈಸನ್ ಹೇಳಿಕೊಂಡಿದ್ದಾನೆ.

ನಾಲ್ಕನೇ ರೌಂಡ್ ಶುರುವಾದಾಗ ಹೋಮ್ಸ್ ಒಮ್ಮೆ ಕುಣಿದ, ಎಡಗೈ ಬಿಟ್ಟ. ಒಂದು ನಿಮಿಷ ಹಳೆಯ ದೀಪ ಹತ್ತಿತು. ಆಮೇಲೆ ಆ ಬಲಗೈ. ಮೂರು ಸಲ ಬಿದ್ದ. ಒಟ್ಟು 75 ಪಂದ್ಯಗಳಲ್ಲಿ ಹೋಮ್ಸ್‌ನನ್ನು ಪಂದ್ಯದ ನಡುವೆ ನಿಲ್ಲಿಸಿದವನು ಟೈಸನ್ ಒಬ್ಬನೇ. ಅದೂ ನಿಜ.

ಆದರೆ ಅಲ್ಲಿಗೇ ಕಾಗದ ಮಡಚಬೇಡಿ. 1992ರ ಫೆಬ್ರುವರಿಯಲ್ಲಿ, 42ರ ಹೋಮ್ಸ್ ಎದುರಿಗೆ ರೇ ಮರ್ಸರ್ ನಿಂತ; 1988ರ ಒಲಿಂಪಿಕ್ ಚಿನ್ನದವನು, ವೃತ್ತಿಪರನಾಗಿ ಒಂದೂ ಸೋಲಿಲ್ಲ. ಮುದುಕನಿಗೆ ಏನಾಗುತ್ತದೋ ಅಂತ ಜನ ಹೆದರಿದ್ದರು. ಮುದುಕ ಮೂಲೆಗೆ ಒರಗಿಕೊಂಡು, ಹೊಸಿಲ ಮೇಲೆ ಕೂತ ಅಜ್ಜ ಮೊಮ್ಮಕ್ಕಳನ್ನು ಆಡಿಸಿದ ಹಾಗೆ ಅವನನ್ನು ಹತ್ತಿರ ಕರೆದು ಕರೆದು ಗುದ್ದಿದ. ಗುದ್ದಿನ ಬಿರುಸು ಹೋಗಿತ್ತು, ಕಾಲು ಹೋಗಿತ್ತು, ಎಡಗೈಗೆ ಮಾತ್ರ ಎಲ್ಲ ನೆನಪಿತ್ತು. ಮೂವರು ಜಡ್ಜ್‌ಗಳೂ ಹೋಮ್ಸ್‌ಗೇ ಕೊಟ್ಟರು. ಅದೇ ವರ್ಷ ಪಟ್ಟಕ್ಕಾಗಿ ಇವಾಂಡರ್ ಹೋಲಿಫೀಲ್ಡ್ ಜೊತೆ 12 ರೌಂಡ್ ನಿಂತು ಪಾಯಿಂಟಿನಲ್ಲಿ ಸೋತ. 45ರಲ್ಲಿ ಮತ್ತೊಮ್ಮೆ ಪಟ್ಟಕ್ಕೆ ಆಡಿ, ಆಲಿವರ್ ಮೆಕಾಲ್‌ಗೆ ಕೂದಲೆಳೆಯಲ್ಲಿ ಬಿಟ್ಟುಕೊಟ್ಟ.

ಕೂನಿ ಜೊತೆಗಿನ ಪಂದ್ಯ ಕರಿಯರು ಬಿಳಿಯರ ಜಗಳ ಆಗಿತ್ತಂತೆ, ಹೌದೆ?
— ಮಂಗಳೂರಿನ ಓದುಗರು

ಮಾಡಿದರು. ಗೆರ್ರಿ ಕೂನಿ 6 ಅಡಿ 6 ಅಂಗುಲದ ಐರಿಷ್ ಮೂಲದ ಹುಡುಗ, 25 ಪಂದ್ಯ ಆಡಿ ಒಂದೂ ಸೋತಿರಲಿಲ್ಲ. ಎಡಗೈ ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಗುದ್ದು, ಭಯಂಕರ. ಅದೇ ನಾರ್ಟನ್‌ನನ್ನು 54 ಸೆಕೆಂಡಿನಲ್ಲಿ ಮುಗಿಸಿದ್ದ. 1956ರಲ್ಲಿ ರಾಕಿ ಮಾರ್ಸಿಯಾನೊ ನಿವೃತ್ತನಾದ ಮೇಲೆ ಅಮೆರಿಕದ ಬಿಳಿಯನೊಬ್ಬ ಹೆವಿವೇಟ್ ಚಾಂಪಿಯನ್ ಆಗಿರಲಿಲ್ಲ. ಅದನ್ನೇ ಹಿಡಿದು ಟಿಕೆಟ್ ಮಾರಿದರು. ಚಾಂಪಿಯನ್ ಹೋಮ್ಸ್, ಆದರೂ ಇಬ್ಬರಿಗೂ ಸರಿಸಮ, ಸುಮಾರು ಒಂದು ಕೋಟಿ ಡಾಲರ್. ಹೆಸರು ಕೂಗುವಾಗ ಚಾಂಪಿಯನ್‌ನದು ಕೊನೆಗೆ ಬರಬೇಕು, ಅದು ರಿಂಗಿನ ಮರ್ಯಾದೆ. ಆ ರಾತ್ರಿ ಹೋಮ್ಸ್ ಹೆಸರನ್ನು ಮೊದಲೇ ಕೂಗಿದರು.

1982ರ ಜೂನ್ 11, ವೇಗಸ್‌ನ ಬಯಲು ಅಂಗಳ, ಬೇಯುವ ಸೆಕೆ. 2ನೇ ರೌಂಡಿನಲ್ಲಿ ಹೋಮ್ಸ್‌ನ ಬಲಗೈಗೆ ಕೂನಿ ಬಿದ್ದ, ಎದ್ದ, ಗಂಡಸಿನ ಹಾಗೆ ಹೋರಾಡಿದ. ಸೊಂಟದ ಕೆಳಗೆ ಹೊಡೆದು ಮೂರು ಪಾಯಿಂಟ್ ಕಳೆದುಕೊಂಡ. 13ರಲ್ಲಿ ಅವನ ಗುರು ವಿಕ್ಟರ್ ವಾಲೆ ತಾವೇ ರಿಂಗಿಗೆ ಹತ್ತಿ ಶಿಷ್ಯನನ್ನು ತಬ್ಬಿ ಹೊರಗೆ ತಂದರು. ಆಮೇಲೆ ಜಡ್ಜ್‌ಗಳ ಚೀಟಿ ನೋಡಿದರೆ, ಆ ಮೂರು ಪಾಯಿಂಟ್ ಕಳೆಯದಿದ್ದಿದ್ದರೆ ಇಬ್ಬರ ಲೆಕ್ಕದಲ್ಲಿ ಕೂನಿಯೇ ಮುಂದಿರುತ್ತಿದ್ದ! ಹನ್ನೆರಡು ರೌಂಡ್ ಆ ಎಡಗೈ ಅವರಿಗೆ ಕಾಣಲೇ ಇಲ್ಲವೋ ಏನೋ.

ಹೋಮ್ಸ್ ಮತ್ತು ಕೂನಿ ಆಮೇಲೆ ಆಪ್ತ ಸ್ನೇಹಿತರಾದರು. ಜಗಳ ಮಾರಿದವರು ಬೇರೆ ಜಗಳ ಹುಡುಕಿಕೊಂಡು ಹೋದರು.

ಮಾರ್ಸಿಯಾನೊಗೆ ಅವಮಾನ ಮಾಡಿದ್ದು ಹೋಮ್ಸ್ ತಾನೆ?
— ಹುಬ್ಬಳ್ಳಿಯ ಓದುಗರು

ಅವನೇ. ಇದರಲ್ಲಿ ನಾನು ಅವನ ವಕೀಲಿಕೆ ಮಾಡುವುದಿಲ್ಲ. ಮಾರ್ಸಿಯಾನೊ 49 ಪಂದ್ಯ ಆಡಿ 49ನ್ನೂ ಗೆದ್ದು ನಿವೃತ್ತನಾದವನು. ಹೋಮ್ಸ್ 48 ಗೆದ್ದು 49ನೆಯದಕ್ಕೆ ಇಳಿದ, ಎದುರಿಗೆ ಕೆಳಗಿನ ತೂಕದಿಂದ ಏರಿ ಬಂದಿದ್ದ ಮೈಕಲ್ ಸ್ಪಿಂಕ್ಸ್. ತಾರೀಖು 1985ರ ಸೆಪ್ಟೆಂಬರ್ 21. ಮಾರ್ಸಿಯಾನೊ ತನ್ನ ಕೊನೆಯ ಪಂದ್ಯ ಆಡಿ ಸರಿಯಾಗಿ 30 ವರ್ಷ. 15 ರೌಂಡ್ ಆಯಿತು, ಸ್ಪಿಂಕ್ಸ್ ಗೆದ್ದ ಅಂದರು. ಇಬ್ಬರು ಜಡ್ಜ್‌ಗಳ ಲೆಕ್ಕದಲ್ಲಿ ಅಂತರ ಒಂದೇ ಪಾಯಿಂಟ್. ಪತ್ರಿಕಾಗೋಷ್ಠಿಯಲ್ಲಿ ಹೋಮ್ಸ್, ಮಾರ್ಸಿಯಾನೊ ನನ್ನ ಲಂಗೋಟಿ ಹೊರಲೂ ಲಾಯಕ್ಕಿರಲಿಲ್ಲ ಅನ್ನುವ ಅರ್ಥದ ಮಾತು ಆಡಿಬಿಟ್ಟ. ಮಾರ್ಸಿಯಾನೊ ಸತ್ತು ಆಗಲೇ 16 ವರ್ಷ. ಅವನ ತಮ್ಮ ಅಲ್ಲೇ ಕೂತಿದ್ದ. ಆಮೇಲೆ ಹೋಮ್ಸ್ ಕ್ಷಮೆ ಕೇಳಿದ. ಆದರೆ ಏಳು ವರ್ಷದ ಜ್ಯಾಬ್‌ಗಿಂತ ಆ ಒಂದು ಮಾತೇ ಜನಕ್ಕೆ ಗಟ್ಟಿಯಾಗಿ ತಾಗಿತು. 1986ರ ಮರುಪಂದ್ಯದಲ್ಲೂ ಸ್ಪಿಂಕ್ಸ್‌ಗೇ ಕೊಟ್ಟರು, ಜಡ್ಜ್‌ಗಳು ಎರಡಕ್ಕೆ ಒಂದಾಗಿ ಒಡೆದರು. ನಾನು ಅದನ್ನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಹೋಮ್ಸ್ ಗೆದ್ದಿದ್ದಾನೆ.

ಕೊನೆಯ ಪಂದ್ಯ ಯಾವುದು? ದುಡ್ಡೆಲ್ಲ ಕಳೆದುಕೊಂಡನೆ?
— ತುಮಕೂರಿನ ಓದುಗರು

2002ರ ಜುಲೈ, ವಯಸ್ಸು 52, ಎದುರಿಗೆ ಬಟರ್‌ಬೀನ್ ಎಂಬ ಅಡ್ಡಹೆಸರಿನ, ಪೀಪಾಯಿಯಂಥ ಮನುಷ್ಯ. ಹತ್ತು ರೌಂಡ್, ಗೆಲುವು. ಒಟ್ಟು 69 ಗೆಲುವು, 6 ಸೋಲು, 44 ನಾಕೌಟ್. ದುಡ್ಡು ಕಳೆದುಕೊಳ್ಳಲಿಲ್ಲ, ಬಾಕ್ಸರ್‌ಗಳಲ್ಲಿ ಇದು ಅಪರೂಪ. ಈಸ್ಟನ್ ಬಿಟ್ಟು ಹೋಗಲೂ ಇಲ್ಲ, ಅಲ್ಲೇ ಕಟ್ಟಡ ಕಟ್ಟಿಸಿದ, ವ್ಯಾಪಾರ ಮಾಡಿದ. ನದಿ ಪಕ್ಕದ ರಸ್ತೆಗೆ ಅವನ ಹೆಸರಿದೆ. 2015ರಲ್ಲಿ ಊರಿನವರು ಪ್ರತಿಮೆಯನ್ನೂ ನಿಲ್ಲಿಸಿದರು.

ಇಷ್ಟೆಲ್ಲ ಹೇಳುತ್ತೀರಲ್ಲ, ಸೇನೆಯಲ್ಲಿ ನೀವೆಷ್ಟು ಪಂದ್ಯ ಗೆದ್ದಿರಿ?
— ಹೆಸರು ಬೇಡ ಎಂದ ಓದುಗರು

ಹನ್ನೊಂದು ಆಡಿದೆ, ನಾಲ್ಕು ಗೆದ್ದೆ. ಹನ್ನೊಂದನೆಯದು ಯೂನಿಟ್ ಸ್ಪರ್ಧೆಯ ಸೆಮಿಫೈನಲ್. ಎರಡನೇ ರೌಂಡಿನವರೆಗೆ ಮುಂದಿದ್ದೆ. ಜ್ಯಾಬ್ ಹಾಕಿ ಎಡಗೈಯನ್ನು ಶೋಕಿಯಾಗಿ ಸೊಂಟಕ್ಕೆ ಇಳಿಸಿದೆ. ಎದುರಿನವನ ಬಲಗೈ ಬಂತು. ಹೋಮ್ಸ್ ಎದ್ದ ಅಂತ ಮೇಲೆ ಬರೆದಿದ್ದೇನಲ್ಲ, ನಾನು ಏಳಲಿಲ್ಲ.